ಸಕ್ಕರೆ ಉದ್ಯಮವೂ ಪರಿಸರ ಶಾಸನವೂ

ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಬಯಲಿನಲ್ಲಿ ದೀಪಾವಳಿ ಕಳೆಯಿತೆಂದರೆ ಕಬ್ಬು ನುರಿಸುವ ಹಂಗಾಮು ಕಳೆಗಟ್ಟುತ್ತದೆ. ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಕಾರ್ಖಾನೆಯ ಅಂಗಳದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಎತ್ತರದ ಚಿಮಣಿಯಿಂದ ಹೊಗೆ ಏಳುತ್ತದೆ. ಹರದಾರಿ ದೂರದವರೆಗೆ ಬೆಲ್ಲದ ವಾಸನೆ ಹರಡುತ್ತದೆ. ಸಕ್ಕರೆಯ ಉತ್ಪಾದನೆಯಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರಗಳ ಸಾಲಿನಲ್ಲಿ ನಿಲ್ಲುವ ರಾಜ್ಯ ಕರ್ನಾಟಕ. 1933ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯಿಂದ ಮೊದಲ್ಗೊಂಡು ಇಂದಿನ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಾರ್ಖಾನೆಗಳವರೆಗೆ ಈ ಉದ್ಯಮವು ಲಕ್ಷಾಂತರ ರೈತ ಕುಟುಂಬಗಳ ಬಾಳಿಗೆ ಆಧಾರವಾಗಿದೆ. ಮಕ್ಕಳ ಶಾಲಾ ಶುಲ್ಕ, ಮಗಳ ಮದುವೆ, ಮನೆಯ ಮಾಳಿಗೆ ಎಲ್ಲವೂ ಕಬ್ಬಿನ ಬಿಲ್ಲನ್ನೇ ನೆಚ್ಚಿಕೊಂಡಿರುವ ಊರುಗಳು ಅಲ್ಲಿ ಬಹಳ.

ಆದರೆ ಅದೇ ಕಾರ್ಖಾನೆಯ ಹಿಂಬದಿಯಲ್ಲಿ ಒಂದು ಕಾಲುವೆ ಇರುತ್ತದೆ. ಅದರಲ್ಲಿ ಏನು ಹರಿಯುತ್ತದೆ, ಎಲ್ಲಿಗೆ ಹರಿಯುತ್ತದೆ ಎಂಬುದರ ಮೇಲೆ ಕೆಳದಂಡೆಯ ಊರುಗಳ ಕುಡಿಯುವ ನೀರು, ದನಕರುಗಳ ಆರೋಗ್ಯ, ಮೀನುಗಾರನ ಬದುಕು ನಿಂತಿವೆ. ಪರಿಸರ ಶಾಸನವು ಉದ್ಯಮದ ಕಾಲಿಗೆ ಕಟ್ಟಿದ ಕಲ್ಲೆಂದು ಕೆಲವರು ಆಕ್ಷೇಪಿಸುವುದುಂಟು. ಉದ್ಯಮವೆಂದರೆ ಮಾಲಿನ್ಯವೆಂದೇ ತಿಳಿದವರೂ ಇದ್ದಾರೆ. ಸಕ್ಕರೆ ಕಾರ್ಖಾನೆಯ ಐವತ್ತು ವರ್ಷಗಳ ಇತಿಹಾಸವನ್ನು ಸಮಾಧಾನದಿಂದ ಪರಿಶೀಲಿಸಿದರೆ ಈ ಎರಡು ಮಾತುಗಳೂ ಪೂರ್ಣ ಸತ್ಯವಲ್ಲವೆಂಬುದು ಮನದಟ್ಟಾಗುತ್ತದೆ. ಶಾಸನವು ನದಿಯ ಕಡೆಯ ಬಾಗಿಲನ್ನು ಮುಚ್ಚುತ್ತ ಬಂದಂತೆ ಕಾರ್ಖಾನೆಯು ತನ್ನ ಕಸದಲ್ಲಿಯೇ ಸಂಪತ್ತನ್ನು ಅರಸಬೇಕಾಯಿತು. ಶಕ್ತಿನೀತಿಯು ಆ ಸಂಪತ್ತಿಗೆ ಮಾರುಕಟ್ಟೆಯನ್ನು ಒದಗಿಸಿತು. ಇವೆರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸಡಿಲಿಸಿದರೆ ಗಳಿಸಿದ್ದು ಕೈಜಾರಿ ಹೋಗುತ್ತದೆ.

ಒಂದು ಟನ್ನು ಕಬ್ಬಿನ ಲೆಕ್ಕ

ಕಬ್ಬಿನ ತೂಕದಲ್ಲಿ ಸುಮಾರು ಶೇಕಡಾ 70 ಭಾಗ ನೀರು. ಒಂದು ಟನ್ನು ಕಬ್ಬನ್ನು ನುರಿಸಿದರೆ ಸಾಮಾನ್ಯವಾಗಿ 100ರಿಂದ 110 ಕಿಲೋಗ್ರಾಂ ಸಕ್ಕರೆ ದೊರೆಯುತ್ತದೆ. ರಸ ಹಿಂಡಿದ ಮೇಲೆ ಉಳಿಯುವ ಹಸಿ ಸಿಪ್ಪೆ, ಅಂದರೆ ಬಗ್ಯಾಸ್, 280ರಿಂದ 300 ಕಿಲೋಗ್ರಾಂ. ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಬಳಿಕ ನಿಲ್ಲುವ ಕಪ್ಪಾದ ಮಂದ ದ್ರವವೇ ಕಾಕಂಬಿ. ಅದು 40ರಿಂದ 45 ಕಿಲೋಗ್ರಾಂ. ರಸವನ್ನು ಸೋಸಿದಾಗ ಉಳಿಯುವ ಮಡ್ಡಿ, ಪ್ರೆಸ್‌ಮಡ್ ಎಂದು ಕರೆಯಲ್ಪಡುವುದು, 30ರಿಂದ 40 ಕಿಲೋಗ್ರಾಂ. ಮಿಕ್ಕಿದ್ದೆಲ್ಲ ನೀರು. ಕಬ್ಬಿನಿಂದಲೇ ಬಂದ ಈ ನೀರಿನ ಜೊತೆಗೆ ಯಂತ್ರ ತೊಳೆಯುವುದಕ್ಕೂ ತಂಪಾಗಿಸುವುದಕ್ಕೂ ಕಾರ್ಖಾನೆಯು ಹೊರಗಿನ ನೀರನ್ನೂ ಬಳಸುತ್ತದೆ.

ಒಂದು ಕಾಲದಲ್ಲಿ ಈ ಪಟ್ಟಿಯಲ್ಲಿ ಸಕ್ಕರೆಯೊಂದೇ ಸರಕು. ಉಳಿದುದರಲ್ಲಿ ಬಹುಪಾಲು ಭಾರವೆನಿಸಿತ್ತು. ಬಗ್ಯಾಸನ್ನು ಹಳೆಯ ಬಾಯ್ಲರುಗಳಲ್ಲಿ ಹೇಗಾದರೂ ಉರಿಸಿ ಮುಗಿಸುತ್ತಿದ್ದರು. ಕಾಕಂಬಿಯನ್ನು ಡಿಸ್ಟಿಲರಿಗೆ ಕಳುಹಿಸಿದರೆ ಅಲ್ಲಿ ಮದ್ಯಸಾರ ದೊರೆಯುತ್ತಿತ್ತು. ಆದರೆ ಅದರ ಬೆನ್ನಿಗೇ ಹೊಸದೊಂದು ಸಂಕಟವೂ ಹುಟ್ಟುತ್ತಿತ್ತು.

ನೀರಿನ ಉಸಿರು

ಸಕ್ಕರೆ ಕಾರ್ಖಾನೆಯ ತ್ಯಾಜ್ಯವು ರಾಸಾಯನಿಕ ಕಾರ್ಖಾನೆಯ ವಿಷದಂತಹುದಲ್ಲ. ಸಿಹಿಯಾದುದು ನೀರಿಗೆ ಬಿದ್ದರೆ ಕೇಡೇನೆಂಬ ಪ್ರಶ್ನೆ ಸಹಜವೇ. ಇದರ ಉತ್ತರ ಪ್ರಾಣವಾಯುವಿನ ಲೆಕ್ಕದಲ್ಲಿದೆ. ಸ್ವಚ್ಛವಾದ ಒಂದು ಲೀಟರು ಹೊಳೆಯ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಮೀನುಗಳು ಉಸಿರಾಡುವುದು ಅದನ್ನೇ. ಸಕ್ಕರೆಯ ಅಂಶವು ನೀರಿಗೆ ಸೇರಿದೊಡನೆ ಸೂಕ್ಷ್ಮಜೀವಿಗಳು ಅದನ್ನುಂಡು ಅಗಣಿತವಾಗಿ ಬೆಳೆಯುತ್ತವೆ. ಬೆಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರುತ್ತವೆ. ಹೀಗೆ ಒಂದು ಲೀಟರು ತ್ಯಾಜ್ಯವು ಎಷ್ಟು ಆಮ್ಲಜನಕವನ್ನು ಬೇಡುತ್ತದೆಂಬ ಅಳತೆಗೆ ಜೈವಿಕ ಆಮ್ಲಜನಕ ಬೇಡಿಕೆ, ಸಂಕ್ಷೇಪವಾಗಿ ಬಿ.ಓ.ಡಿ., ಎಂದು ಹೆಸರು.

ಕಾಕಂಬಿಯಿಂದ ಒಂದು ಲೀಟರು ಮದ್ಯಸಾರ ತೆಗೆದಾಗ 8ರಿಂದ 15 ಲೀಟರಿನಷ್ಟು ಕಂದು ಬಣ್ಣದ, ದುರ್ನಾತದ ಸ್ಪೆಂಟ್ ವಾಶ್ ಎಂಬ ದ್ರವ ಉಳಿಯುತ್ತದೆ. ಅದರ ಬಿ.ಓ.ಡಿ. ಲೀಟರಿಗೆ 40,000 ಮಿಲಿಗ್ರಾಂ ಅಥವಾ ಅದಕ್ಕೂ ಮಿಗಿಲು. ಅಂತಹ ಒಂದು ಲೀಟರು ದ್ರವವು 5,000 ಲೀಟರು ಶುದ್ಧ ನೀರಿನ ಉಸಿರನ್ನು ಅಡಗಿಸಬಲ್ಲುದು. ದಿನಕ್ಕೆ 60,000 ಲೀಟರು ಮದ್ಯಸಾರ ತೆಗೆಯುವ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಲೀಟರಿಗೆ ಹತ್ತರಂತೆ ಹಿಡಿದರೂ ಅದರಿಂದ ಹೊರಡುವ ಸ್ಪೆಂಟ್ ವಾಶ್ 6 ಲಕ್ಷ ಲೀಟರು. ಅದು ಬೇಡುವ ಆಮ್ಲಜನಕ 24,000 ಕಿಲೋಗ್ರಾಂ. ಒಬ್ಬ ಮನುಷ್ಯನ ದಿನದ ಚರಂಡಿ ನೀರಿನ ಭಾರ ಸುಮಾರು 45 ಗ್ರಾಂ ಎಂದು ಗಣಿಸುವುದು ವಾಡಿಕೆ. ಆದಕಾರಣ ಸಂಸ್ಕರಿಸದೆ ಹೊಳೆಗೆ ಬಿಟ್ಟರೆ ಈ ಒಂದು ಘಟಕದ ಹೊರೆಯು 5 ಲಕ್ಷಕ್ಕೂ ಹೆಚ್ಚು ಜನರಿರುವ ನಗರದ ಚರಂಡಿಯ ಹೊರೆಗೆ ಸಮನಾಗುತ್ತದೆ.

ಇದು ಬರಿಯ ಗಣಿತವಲ್ಲ. 2018ರ ಮೇ ತಿಂಗಳಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಿಂದ ಅಪಾರ ಪ್ರಮಾಣದ ಕಾಕಂಬಿಯು ಬಿಯಾಸ್ ನದಿಗೆ ಹರಿದುಹೋಯಿತು. ನದಿಯ ನೀರು ಕಂದಾಯಿತು. ಅಸಂಖ್ಯ ಮೀನುಗಳು ಉಸಿರುಕಟ್ಟಿ ತೇಲಿದವು. ಆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ಕಾರ್ಖಾನೆಗೆ 5 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಒಂದು ಹಂಗಾಮಿನ ಒಂದೇ ಅಜಾಗರೂಕತೆಯು ನದಿಯ ಎಷ್ಟೋ ವರ್ಷಗಳ ಜೀವಸಂಪತ್ತನ್ನು ಅಳಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಶಾಸನ ನಡೆದುಬಂದ ದಾರಿ

1972ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯ ಮಾನವ ಪರಿಸರ ಸಮ್ಮೇಳನ ಜರುಗಿತು. ಅದರ ಬೆನ್ನಿಗೆ, 1974ರಲ್ಲಿ, ಭಾರತದ ಸಂಸತ್ತು ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮವನ್ನು ಅಂಗೀಕರಿಸಿತು. ನೀರು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾದುದರಿಂದ ಸಂವಿಧಾನದ 252ನೆಯ ವಿಧಿಯಂತೆ ರಾಜ್ಯಗಳೇ ಠರಾವು ಮಾಡಿ ಸಂಸತ್ತನ್ನು ಕೋರಬೇಕಾಗಿತ್ತು. ಹಾಗೆ ಮೊದಲಿಗೆ ಕೋರಿಕೆ ಸಲ್ಲಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂಬುದು ನೆನಪಿಡತಕ್ಕ ಸಂಗತಿ. ಅದೇ ವರ್ಷ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೂ ರಚನೆಯಾಯಿತು.

ಈ ಅಧಿನಿಯಮದ ಹೃದಯವು ‘ಸಮ್ಮತಿ’ ಎಂಬ ಒಂದು ಮಾತಿನಲ್ಲಿದೆ. ಮಂಡಳಿಯ ಸಮ್ಮತಿಯಿಲ್ಲದೆ ಯಾವ ಉದ್ಯಮವೂ ತನ್ನ ತ್ಯಾಜ್ಯವನ್ನು ನದಿಗಾಗಲಿ, ಬಾವಿಗಾಗಲಿ, ಭೂಮಿಗಾಗಲಿ ಬಿಡಕೂಡದು. ಕಾರ್ಖಾನೆಯನ್ನು ಕಟ್ಟುವ ಮೊದಲು ಒಂದು ಸಮ್ಮತಿ, ನಡೆಸುವ ಮೊದಲು ಇನ್ನೊಂದು ಸಮ್ಮತಿ. ಎಷ್ಟು ನೀರನ್ನು ಹೊರಬಿಡಬಹುದು, ಅದು ಎಷ್ಟು ಶುದ್ಧವಾಗಿರಬೇಕು ಎಂಬುದೆಲ್ಲವೂ ಆ ಪತ್ರದಲ್ಲಿಯೇ ನಮೂದಾಗಿರುತ್ತದೆ. 1976ರ ಸಂವಿಧಾನದ 42ನೆಯ ತಿದ್ದುಪಡಿಯು ಪರಿಸರ ರಕ್ಷಣೆಯನ್ನು ರಾಜ್ಯದ ನಿರ್ದೇಶಕ ತತ್ತ್ವವನ್ನಾಗಿಯೂ ಪ್ರಜೆಯ ಮೂಲಭೂತ ಕರ್ತವ್ಯವನ್ನಾಗಿಯೂ ಘೋಷಿಸಿತು. 1981ರಲ್ಲಿ ವಾಯು ಮಾಲಿನ್ಯದ ಅಧಿನಿಯಮ ಬಂದಿತು. ಕಾರ್ಖಾನೆಯ ಚಿಮಣಿಯೂ ಶಾಸನದ ಕಣ್ಣಿಗೆ ಬಿತ್ತು.

1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತವು ಸಹಸ್ರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ಆಘಾತದ ಫಲವಾಗಿ 1986ರ ಪರಿಸರ ಸಂರಕ್ಷಣಾ ಅಧಿನಿಯಮ ರೂಪುಗೊಂಡಿತು. 1985ರಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ತೀರ್ಪು ನೀಡಿ, ಅಪಾಯಕಾರಿ ಉದ್ಯಮದಿಂದ ಜನರಿಗೆ ಹಾನಿಯಾದರೆ ಮಾಲೀಕನು ಯಾವ ನೆಪವನ್ನೂ ಹೇಳದೆ ಪೂರ್ಣ ಹೊಣೆ ಹೊರಬೇಕೆಂದು ವಿಧಿಸಿತು. ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳಿಗೆ ಸಂಬಂಧಿಸಿದ 1996ರ ವೆಲ್ಲೂರು ಪ್ರಕರಣದಲ್ಲಿ, ಕೆಡಿಸಿದವನೇ ತೆರಬೇಕೆಂಬ ತತ್ತ್ವವು ದೇಶದ ಕಾನೂನಿನ ಭಾಗವೆಂದು ಅದೇ ನ್ಯಾಯಾಲಯ ಸಾರಿತು. 2010ರ ಅಧಿನಿಯಮದಿಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾಪನೆಗೊಂಡಿತು. ಕರ್ನಾಟಕದ ವ್ಯಾಜ್ಯಗಳು ಚೆನ್ನೈಯಲ್ಲಿರುವ ಅದರ ದಕ್ಷಿಣ ಪೀಠದ ಮುಂದೆ ಬರುತ್ತವೆ.

ಸಕ್ಕರೆ ಉದ್ಯಮಕ್ಕೆಂದೇ ನಿಗದಿಯಾದ ಮಿತಿಗಳೂ ಬರಬರುತ್ತ ಬಿಗಿಯಾದವು. ಒಂದು ಟನ್ನು ಕಬ್ಬಿಗೆ 400 ಲೀಟರು ಎಂದಿದ್ದ ತ್ಯಾಜ್ಯ ನೀರಿನ ಮಿತಿಯನ್ನು 2016ರ ನಿಯಮಗಳು 200 ಲೀಟರಿಗೆ ಇಳಿಸಿದವು. ಹೊಳೆಗೆ ಬಿಡುವ ನೀರಿನ ಬಿ.ಓ.ಡಿ. ಲೀಟರಿಗೆ 30 ಮಿಲಿಗ್ರಾಂ ಮೀರಕೂಡದು. ಭೂಮಿಗೆ ಬಿಡುವುದಾದರೆ 100 ಮಿಲಿಗ್ರಾಂ. ದಿನಕ್ಕೆ 5,000 ಟನ್ನು ನುರಿಸುವ ಕಾರ್ಖಾನೆಗೆ ಇದರ ಅರ್ಥ, 20 ಲಕ್ಷ ಲೀಟರು ಹೊರಬಿಡುತ್ತಿದ್ದಲ್ಲಿ 10 ಲಕ್ಷ ಲೀಟರಿಗೆ ನಿಲ್ಲಬೇಕೆಂಬುದು. ಡಿಸ್ಟಿಲರಿಗಳು ಒಂದು ಹನಿ ಸ್ಪೆಂಟ್ ವಾಶನ್ನೂ ನದಿಗೆ ಬಿಡಬಾರದೆಂಬ ಗುರಿಯನ್ನು 2003ರ ಸನ್ನದು ಗೊತ್ತುಪಡಿಸಿತ್ತು. ತ್ಯಾಜ್ಯದ ಮಾಪನವನ್ನು ಹಗಲಿರುಳು ದಾಖಲಿಸಿ ಮಂಡಳಿಗೆ ತಾನಾಗಿ ರವಾನಿಸುವ ಯಂತ್ರಗಳನ್ನು ಅಳವಡಿಸಬೇಕೆಂದು ಕೇಂದ್ರ ಮಂಡಳಿಯು 2014ರಲ್ಲಿ ಹೆಚ್ಚು ಮಾಲಿನ್ಯಕಾರಕವಾದ 17 ಬಗೆಯ ಉದ್ಯಮಗಳಿಗೆ ಆದೇಶಿಸಿತು. ಸಕ್ಕರೆ ಕಾರ್ಖಾನೆಯೂ ಡಿಸ್ಟಿಲರಿಯೂ ಆ ಪಟ್ಟಿಯಲ್ಲಿ ಸೇರಿವೆ.

ಕಸವು ಸರಕಾದ ಬಗೆ

ಹೀಗೆ ಒಂದೊಂದೇ ಬಾಗಿಲು ಮುಚ್ಚಿದಾಗ ಉದ್ಯಮಿಯ ಮುಂದೆ ಎರಡು ಹಾದಿಗಳು ಉಳಿದವು: ಕಾರ್ಖಾನೆಯನ್ನು ನಿಲ್ಲಿಸುವುದು, ಇಲ್ಲವೆ ಕಸವನ್ನು ಸರಕನ್ನಾಗಿ ಮಾಡುವುದು. ಎರಡನೆಯದಕ್ಕೆ ಶಕ್ತಿನೀತಿಯು ಕೈಹಿಡಿಯಿತು.

ಮೊದಲನೆಯದು ಬಗ್ಯಾಸ್. ಕಡಿಮೆ ಒತ್ತಡದ ಹಳೆಯ ಬಾಯ್ಲರಿನಲ್ಲಿ ಅದು ಉರಿದು ಕಾರ್ಖಾನೆಯ ಸ್ವಂತ ಅಗತ್ಯವನ್ನಷ್ಟೇ ಪೂರೈಸುತ್ತಿತ್ತು. ಹೆಚ್ಚಿನ ಒತ್ತಡದ ಬಾಯ್ಲರಿನಲ್ಲಿ ಅದೇ ಸಿಪ್ಪೆಯಿಂದ ಒಂದು ಟನ್ನು ಕಬ್ಬಿಗೆ 100 ಯೂನಿಟ್ಟಿಗೂ ಹೆಚ್ಚು ವಿದ್ಯುತ್ತನ್ನು ಉತ್ಪಾದಿಸಬಹುದು. ಉಗಿಯು ಮೊದಲು ಟರ್ಬೈನನ್ನು ತಿರುಗಿಸಿ ವಿದ್ಯುತ್ತನ್ನು ಕೊಡುತ್ತದೆ. ಬಳಿಕ ಅದೇ ಉಗಿಯು ರಸವನ್ನು ಕುದಿಸುತ್ತದೆ. ಇದಕ್ಕೆ ಸಹ ವಿದ್ಯುತ್ ಉತ್ಪಾದನೆ ಎಂದು ಹೆಸರು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 86ನೆಯ ಪ್ರಕರಣವು ಇದನ್ನೂ ನವೀಕರಿಸಬಹುದಾದ ಶಕ್ತಿಮೂಲಗಳನ್ನೂ ಪ್ರೋತ್ಸಾಹಿಸುವ ಹೊಣೆಯನ್ನು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ವಹಿಸಿತು. ವಿದ್ಯುತ್ ಸರಬರಾಜು ಕಂಪನಿಗಳು ತಾವು ಕೊಳ್ಳುವ ವಿದ್ಯುತ್ತಿನಲ್ಲಿ ಇಂತಿಷ್ಟು ಭಾಗವನ್ನು ಇಂತಹ ಮೂಲಗಳಿಂದಲೇ ಕೊಳ್ಳಬೇಕೆಂಬ ಕಟ್ಟಳೆ ಹೀಗೆ ಹುಟ್ಟಿತು. ಸ್ವಂತಕ್ಕಾಗಿ ವಿದ್ಯುತ್ ಉತ್ಪಾದಿಸಿಕೊಳ್ಳುವ ದೊಡ್ಡ ಉದ್ಯಮಗಳಿಗೂ ಈ ಕಟ್ಟಳೆ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಎತ್ತಿಹಿಡಿಯಿತು.

ಎರಡನೆಯದು ಸ್ಪೆಂಟ್ ವಾಶ್. ಗಾಳಿಯಾಡದ ತೊಟ್ಟಿಯಲ್ಲಿ ಅದನ್ನು ಕೊಳೆಸಿದರೆ ಉರುವಲಾಗುವ ಅನಿಲ ದೊರೆಯುತ್ತದೆ. ಉಳಿದುದನ್ನು ಪ್ರೆಸ್‌ಮಡ್ಡಿನೊಂದಿಗೆ ಬೆರೆಸಿದರೆ ಗೊಬ್ಬರವಾಗುತ್ತದೆ. ಆವಿಮಾಡಿ ಮಂದಗೊಳಿಸಿ ಬಾಯ್ಲರಿನಲ್ಲಿ ಸುಟ್ಟರೆ ಪೊಟ್ಯಾಷ್ ತುಂಬಿದ ಬೂದಿ ಉಳಿಯುತ್ತದೆ. ಭಾರತವು ಪೊಟ್ಯಾಷ್ ಗೊಬ್ಬರಕ್ಕೆ ಹೊರದೇಶಗಳನ್ನೇ ಬಹುಮಟ್ಟಿಗೆ ಆಶ್ರಯಿಸಿದೆ. ಕಾಕಂಬಿಯಿಂದ ದೊರೆಯುವ ಈ ಪೊಟ್ಯಾಷನ್ನು ಕೇಂದ್ರ ಸರ್ಕಾರವು 2021ರಲ್ಲಿ ಗೊಬ್ಬರದ ಸಹಾಯಧನದ ವ್ಯಾಪ್ತಿಗೆ ಸೇರಿಸಿತು. ನದಿಯನ್ನು ಕೊಲ್ಲುತ್ತಿದ್ದ ವಸ್ತುವು ಹೊಲಕ್ಕೆ ಮರಳುವ ಹಾದಿ ಹೀಗೆ ತೆರೆಯಿತು.

ಮೂರನೆಯದು ಎಥೆನಾಲ್. ಪೆಟ್ರೋಲಿನಲ್ಲಿ ಶೇಕಡಾ 5ರಷ್ಟು ಎಥೆನಾಲನ್ನು ಬೆರೆಸುವ ಕಾರ್ಯಕ್ರಮವು 2003ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಮೊದಲಾಯಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಕಾಕಂಬಿಯಲ್ಲದೆ ನೇರವಾಗಿ ಕಬ್ಬಿನ ರಸದಿಂದಲೂ ಎಥೆನಾಲ್ ತೆಗೆಯಲು ಎಡೆಮಾಡಿತು. 2022ರ ಜೂನ್ ತಿಂಗಳಲ್ಲಿ ಬೆರಕೆಯು ಶೇಕಡಾ 10ನ್ನು ಮುಟ್ಟಿತು. 2030ಕ್ಕೆಂದು ಇರಿಸಿಕೊಂಡಿದ್ದ ಶೇಕಡಾ 20ರ ಗುರಿಯನ್ನು 2025ರಲ್ಲಿಯೇ ತಲುಪಲಾಯಿತು. ಸಕ್ಕರೆಯ ಬೆಲೆ ಕುಸಿದಾಗಲೂ ಕಾರ್ಖಾನೆಗೆ ಬೇರೊಂದು ಆದಾಯ ಒದಗಿತು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕಳುಹಿಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು. ಈ ಕಟ್ಟಳೆ ಪಾಲನೆಯಾಗುವುದಕ್ಕೆ ಕಾರ್ಖಾನೆಯ ಕೈಯಲ್ಲಿ ಹಣವಿರುವುದು ಅವಶ್ಯ. ಅದಕ್ಕೆ ಎಥೆನಾಲ್ ಆಸರೆಯಾಯಿತು.

ಉದ್ಯಮಿಯ ಸಂಕಟ

ನೀತಿಯೆಂಬುದು ಉದ್ಯಮಿಯ ಪಾಲಿಗೆ ಮಳೆಗಾಲದಂತೆ. ಅದನ್ನು ನಂಬಿಯೇ ಬಿತ್ತಬೇಕು. ಬಾಯ್ಲರು, ಟರ್ಬೈನು, ಡಿಸ್ಟಿಲರಿಗಳಿಗೆ ಹೂಡಿದ ಬಂಡವಾಳ ಹತ್ತಾರು ವರ್ಷಗಳಲ್ಲಿ ಹಿಂದಿರುಗತಕ್ಕದ್ದು. 2023ರ ಡಿಸೆಂಬರಿನಲ್ಲಿ, ಮಳೆಯ ಅಭಾವದಿಂದ ಸಕ್ಕರೆಯ ಉತ್ಪಾದನೆ ಇಳಿಯುವ ಅಂಜಿಕೆಯಿಂದ, ಕಬ್ಬಿನ ರಸವನ್ನು ಎಥೆನಾಲಿಗೆ ಬಳಸುವುದನ್ನು ಕೇಂದ್ರ ಸರ್ಕಾರವು ಹಂಗಾಮಿನ ನಡುವೆಯೇ ನಿರ್ಬಂಧಿಸಿತು; 2024ರ ಆಗಸ್ಟಿನಲ್ಲಿ ಮುಂದಿನ ಹಂಗಾಮಿಗಾಗಿ ಆ ನಿರ್ಬಂಧವನ್ನು ತೆಗೆಯಿತು. ಜನರ ತಾಟಿನ ಸಕ್ಕರೆಯನ್ನು ಕಾಪಾಡುವುದು ಸರ್ಕಾರದ ಧರ್ಮವೇ ಸರಿ. ಆದರೂ ಸಾಲ ಮಾಡಿ ಘಟಕ ಕಟ್ಟಿದವನಿಗೂ ಅವನನ್ನು ನಂಬಿ ಕಬ್ಬು ನೆಟ್ಟ ರೈತನಿಗೂ ಇಂತಹ ಏರಿಳಿತ ದುಸ್ಸಹ. ಪರಿಸರದ ಮಿತಿಗಳು ಕಠಿಣವಾಗಿದ್ದರೂ ಮೊದಲೇ ತಿಳಿದಿರುತ್ತವೆ. ಅವುಗಳಿಗೆ ತಕ್ಕಂತೆ ಸಿದ್ಧನಾಗಬಹುದು. ಅನಿಶ್ಚಿತವಾದ ನೀತಿಗೆ ಸಿದ್ಧನಾಗುವುದು ಕಷ್ಟ. ಉದ್ಯಮವನ್ನು ಹೆಚ್ಚಾಗಿ ಬಾಧಿಸುವುದು ಶಾಸನದ ಬಿಗಿಯಲ್ಲ, ನೀತಿಯ ಚಂಚಲತೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಶುದ್ಧ ಶಕ್ತಿಯ ನೆರಳು

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಶುದ್ಧ ಶಕ್ತಿಗೂ ಸಲ್ಲುತ್ತದೆ. ಕಬ್ಬು ಮತ್ತೆ ಬೆಳೆಯುವುದರಿಂದ ಬಗ್ಯಾಸು ಕಲ್ಲಿದ್ದಲಿಗಿಂತ ಮೇಲೆಂಬುದು ನಿಜ. ಆದರೆ ಚಿಮಣಿಯಲ್ಲಿ ಬೂದಿ ಹಿಡಿಯುವ ಸಾಧನ ಕೆಟ್ಟರೆ ಸುತ್ತಲಿನ ಮನೆಗಳ ಮೇಲೆ ಬೀಳುವ ಕರಿಗೆ ನವೀಕರಿಸಬಹುದಾದ ಇಂಧನವೆಂಬ ಭೇದ ತಿಳಿಯದು. ಕಬ್ಬಿನ ಒಂದು ಬೆಳೆಗೆ ಸುಮಾರು 1,500ರಿಂದ 2,500 ಮಿಲಿಮೀಟರಿನಷ್ಟು ನೀರು ಬೇಕು. ದೇಶದ ನೀರಾವರಿಯ ನೀರಿನಲ್ಲಿ ಸುಮಾರು ಶೇಕಡಾ 70 ಭಾಗವನ್ನು ಕಬ್ಬು ಮತ್ತು ಭತ್ತಗಳೆರಡೇ ಬಳಸುತ್ತವೆಂದು ನೀತಿ ಆಯೋಗವು 2021ರಲ್ಲಿ ಹೊರತಂದ ಎಥೆನಾಲ್ ವರದಿಯಲ್ಲಿಯೇ ಹೇಳಲಾಗಿದೆ. ಆದುದರಿಂದ ಎಥೆನಾಲಿನ ಲೆಕ್ಕವನ್ನು ಪೆಟ್ರೋಲ್ ಬಂಕಿನಲ್ಲಿ ಮಾತ್ರವಲ್ಲ, ಕೊಳವೆಬಾವಿಯ ಆಳದಲ್ಲಿಯೂ ಬರೆಯಬೇಕಾಗುತ್ತದೆ.

ಇನ್ನೊಂದು ಸಂಗತಿಯು ಹೆಚ್ಚು ಎಚ್ಚರವನ್ನು ಬೇಡುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯು ದಿನಕ್ಕೆ 5,000 ಟನ್ನು ಅಥವಾ ಅದಕ್ಕೆ ಮಿಗಿಲಾಗಿ ನುರಿಸುವ ಸಕ್ಕರೆ ಕಾರ್ಖಾನೆಗಳಿಗೂ ಡಿಸ್ಟಿಲರಿಗಳಿಗೂ ಪೂರ್ವಭಾವಿ ಅನುಮತಿಯನ್ನು ಕಡ್ಡಾಯಗೊಳಿಸಿತು. ಸಾರ್ವಜನಿಕ ವಿಚಾರಣೆ ಅದರ ಮುಖ್ಯ ಅಂಗ. ಎಥೆನಾಲ್ ಕಾರ್ಯಕ್ರಮಕ್ಕೆಂದೇ ಮೀಸಲಾದ ಕೆಲವು ವಿಸ್ತರಣೆಗಳನ್ನು ನಂತರದ ತಿದ್ದುಪಡಿಗಳು ಅಂತಹ ವಿಚಾರಣೆಯ ಅಗತ್ಯವಿಲ್ಲದ ವರ್ಗಕ್ಕೆ ಸೇರಿಸಿದವು. ಶಕ್ತಿಯ ಅವಸರವು ಊರಿನವರ ಮಾತನ್ನು ಮೊಟಕುಗೊಳಿಸಿತು.

ದಂಡನೆಯ ಸ್ವರೂಪವೂ ಬದಲಾಗಿದೆ. 2023ರ ಜನ ವಿಶ್ವಾಸ ಅಧಿನಿಯಮವು ವಾಯು ಮತ್ತು ಪರಿಸರ ಶಾಸನಗಳಲ್ಲಿಯೂ, 2024ರ ತಿದ್ದುಪಡಿಯು ಜಲ ಶಾಸನದಲ್ಲಿಯೂ ಹಲವು ತಪ್ಪುಗಳಿಗೆ ಕಾರಾಗೃಹವಾಸವನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡವನ್ನು ಇರಿಸಿದವು. ಜಲ ಶಾಸನದ ತಿದ್ದುಪಡಿಯು ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು. ಉಳಿದ ರಾಜ್ಯಗಳು ತಮ್ಮ ಠರಾವಿನಿಂದ ಅದನ್ನು ಒಪ್ಪಿಕೊಳ್ಳಬೇಕು. ವರ್ಷಗಟ್ಟಲೆ ಎಳೆಯುವ ಮೊಕದ್ದಮೆಗಿಂತ ತಕ್ಷಣದ ದಂಡವೇ ಫಲಕಾರಿ ಎಂಬುದು ಇದರ ಪರವಾದ ವಾದ. ಆದರೆ ಶುದ್ಧೀಕರಣ ಘಟಕಕ್ಕೆ ಕೋಟಿಗಟ್ಟಲೆ ವೆಚ್ಚವಾಗುವಲ್ಲಿ 15 ಲಕ್ಷದ ದಂಡವು ಕೆಲವರಿಗೆ ಮಾಲಿನ್ಯದ ಬಾಡಿಗೆಯಂತೆ ತೋರಿದರೆ ಆಶ್ಚರ್ಯವಿಲ್ಲ. ಇಂತಹ ಸಂದರ್ಭದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟಿನಲ್ಲಿ ನೀಡಿದ ತೀರ್ಪು ಗಮನಾರ್ಹವಾದುದು. ಕೆಟ್ಟ ಪರಿಸರವನ್ನು ಮೊದಲಿನ ಸ್ಥಿತಿಗೆ ತರುವುದಕ್ಕೆ ತಗಲುವ ಪರಿಹಾರವನ್ನು ಮಾಲಿನ್ಯ ನಿಯಂತ್ರಣ ಮಂಡಳಿಗಳು ತಾವೇ ವಿಧಿಸಬಹುದೆಂದು ಅದು ಹೇಳಿತು. ದಂಡ ಬೇರೆ, ನದಿಯ ಸಾಲ ತೀರಿಸುವುದು ಬೇರೆ ಎಂಬ ವಿವೇಕ ಇದರಲ್ಲಿ ಅಡಗಿದೆ.

ಕಾಯಕದ ಶುದ್ಧಿ

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಪೂಜೆಯ ಸ್ಥಾನವನ್ನು ಕೊಟ್ಟರು. ಆದರೆ ಯಾವ ದುಡಿಮೆಯಾದರೂ ಕಾಯಕವಾಗದು. ಗಳಿಕೆಯ ದಾರಿ ಶುದ್ಧವಾಗಿರಬೇಕು. ಗಳಿಸಿದುದು ದಾಸೋಹವಾಗಿ ಸಮಾಜಕ್ಕೆ ಸಲ್ಲಬೇಕು. ಈ ಒರೆಗಲ್ಲಿನ ಮೇಲೆ ಕಾರ್ಖಾನೆಯನ್ನೂ ತಿಕ್ಕಿ ನೋಡಬಹುದು. ಮೇಲ್ದಂಡೆಯ ರೈತನಿಗೆ ಬಿಲ್ಲು ಕೊಟ್ಟು ಕೆಳದಂಡೆಯ ಊರಿಗೆ ದುರ್ನಾತದ ನೀರು ಕಳುಹಿಸುವ ಉದ್ಯಮವು ಲಾಭ ಗಳಿಸಿರಬಹುದು, ಕಾಯಕ ಮಾಡಿದಂತಾಗಲಿಲ್ಲ. ಸಿಪ್ಪೆಯಿಂದ ಬೆಳಕನ್ನೂ ಕಾಕಂಬಿಯಿಂದ ಇಂಧನವನ್ನೂ ಬೂದಿಯಿಂದ ಗೊಬ್ಬರವನ್ನೂ ಪಡೆದು, ಹೊಳೆಯನ್ನು ಹೊಳೆಯಾಗಿಯೇ ಉಳಿಸಿದರೆ ಅದು ಆ ಹೆಸರಿಗೆ ಹತ್ತಿರವಾಗುತ್ತದೆ.

ಇದನ್ನು ಸಾಧಿಸುವ ಹೊಣೆ ಮಾಲೀಕನದು, ಮಂಡಳಿಯದು, ಸರ್ಕಾರದ್ದು. ಜೊತೆಗೆ ಕಬ್ಬು ಬೆಳೆಯುವ ಮನೆಗಳ ಮಕ್ಕಳದೂ ಹೌದು. ಕಾರ್ಖಾನೆಯ ಸಮ್ಮತಿಪತ್ರದಲ್ಲಿ ಏನು ಬರೆದಿದೆಯೆಂದು ಕೇಳಿ ತಿಳಿಯುವುದು, ಸಾರ್ವಜನಿಕ ವಿಚಾರಣೆ ನಡೆದಾಗ ಹಾಜರಾಗಿ ಮಾತನಾಡುವುದು, ಹನಿ ನೀರಾವರಿಯಿಂದ ಕಬ್ಬಿನ ನೀರನ್ನು ಉಳಿಸುವುದು, ಇವು ಯಾವುವೂ ದೊಡ್ಡ ಸಾಹಸಗಳಲ್ಲ. ಮುಂದೆ ಇವರಲ್ಲಿ ಕೆಲವರು ಕಾರ್ಖಾನೆಯ ರಸಾಯನ ತಜ್ಞರಾಗುವರು, ಕೆಲವರು ಆಡಳಿತ ಮಂಡಳಿಯ ನಿರ್ದೇಶಕರಾಗುವರು, ಕೆಲವರು ಮಾಲಿನ್ಯ ಮಂಡಳಿಯ ಅಧಿಕಾರಿಗಳಾಗುವರು. ನೀರನ್ನು ಅಳೆಯುವ ಯಂತ್ರದ ಅಂಕಿಗಳನ್ನು ತಿದ್ದದೆ ಇರುವ ಒಬ್ಬ ನೌಕರನ ಪ್ರಾಮಾಣಿಕತೆಯು ಎಷ್ಟೋ ಅಧಿನಿಯಮಗಳಿಗಿಂತ ಹೆಚ್ಚು ಬಲವುಳ್ಳದ್ದು. ಶಾಸನವು ಬಾಗಿಲನ್ನು ಮುಚ್ಚಬಲ್ಲುದು. ಆ ಬಾಗಿಲಿಗೆ ಕಾವಲು ನಿಲ್ಲಬೇಕಾದುದು ಮನುಷ್ಯನ ಮನಸ್ಸು.